ತಂಗಿಗೆ ಬಂದ ಕರೆಗೆ ನಾನು ಕೊಟ್ಟ ಉತ್ತರ

ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ಅವ್ವ ಮಾರ್ಕೆಟ್ ಯಾರ್ಡಿಗೆ ಕಾಳು ಆರಿಸಲು ಹೋಗುತ್ತಿದ್ದಳು. ತಂಗಿ ಆಗಿನ್ನೂ ಅಂಬೆಗಾಲಿಡುತ್ತಿದ್ದಳು, ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಮುಂದೆ ಅದೇ ತಂಗಿ ಈ ಮರಾಠಿ ಊರಿನಲ್ಲೇ ಕನ್ನಡ ಶಾಲೆ ಮುಗಿಸಿ ಬಿ.ಕಾಂ. ಮಾಡಿದಳು, ಕನ್ನಡ ಟೈಪಿಂಗನ್ನೂ ಕಲಿತಳು. ನಾನು ಬಿಬವೇವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ ಹಾಕಿಕೊಂಡು ಸೀರೆಗೆ ಫಾಲ್ ಹಚ್ಚುತ್ತ, ಬ್ಲೌಸ್ ಹೊಲಿಯುತ್ತ ಕೂತೆ.

ಅವ್ವನಿಗೆ ಲಕ್ವಾ ಹೊಡೆದಾಗ ತಂಗಿ ಹಡಪಸರದ ಆಫೀಸಿನ ನೌಕರಿ ಬಿಟ್ಟಳು. ಅವ್ವನನ್ನು ಎತ್ತಿ ಕೂಡ್ರಿಸಬೇಕು, ಉಣಿಸಬೇಕು, ವಾರಕ್ಕೆರಡು ಸಲ ದವಾಖಾನೆಗೆ ಕರೆದೊಯ್ಯಬೇಕು. ಅದಕ್ಕೇ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದು, ಇಂಟರ್ನೆಟ್ಟಿನಲ್ಲಿ ಮನೆಯಿಂದಲೇ ಮಾಡುವ ಕೆಲಸ ಹುಡುಕತೊಡಗಿದಳು.

ಪಕ್ಕದ ಮನೆಯ ಕಾಕು ಕುಬುಸದ ಬಟ್ಟೆ ಕೊಡಲು ಬಂದವರು ಒಳಗೆ ಇಣುಕಿ ನೋಡುತ್ತಿದ್ದರು.

“ಮನ್ಯಾಗ ಕುಂತು ನೌಕರಿ ಮಾಡ್ತಾಳಂತ? ಭಾಳ ಶಾಣ್ಯಾ ಅದಾಳ ಬಿಡು ನಿನ್ನ ತಂಗಿ.”

“ಇನ್ನೂ ಸಿಕ್ಕಿಲ್ರಿ ಕಾಕು.”

“ಸಿಗತದ. ಓದಿದಾಕಿ.”

ಹದಿನೈದು ವರ್ಷ ನಾನೂ ಮನೆಯಲ್ಲೇ ಕೂತು ದುಡಿದಿದ್ದೆ. ಅದನ್ನು ಯಾರೂ ನೌಕರಿ ಎಂದಿರಲಿಲ್ಲ. ಕಾಕುವಿನ ಕುಬುಸದ ತೋಳನ್ನು ಆ ದಿನ ಎರಡು ಸಲ ತಪ್ಪು ಹೊಲಿದು ಬಿಚ್ಚಿದೆ.

ತಂಗಿ ಒಂದು ಸಲ ಮೋಸಹೋಗಿದ್ದಳು. ನೋಂದಣಿ ಎಂದು ಹಣ ಕಟ್ಟಿಸಿಕೊಂಡವರು ಒಂದು ಸಿ.ಡಿ. ಕಳಿಸಿದರು. ಅದರಲ್ಲಿದ್ದುದನ್ನೆಲ್ಲ ಇವಳು ಟೈಪ್ ಮಾಡಿ ಕಳಿಸಿದ ಮೇಲೆ ತಪ್ಪು ಬಹಳ ಇವೆ ಎಂದು ಹೇಳಿ ಮಾಯವಾದರು. ಅಲ್ಲಿಂದ ಒಂದು ವಹಿಯಲ್ಲಿ ಕಂಪನಿಗಳ ಹೆಸರು ಬರೆದಿಡುವ ರೂಢಿ ಮಾಡಿಕೊಂಡಳು. ಮೊದಲು ರೊಕ್ಕ ಕೇಳಿದವರ ಹೆಸರಿಗೆ ಕಾಟು ಹೊಡೆಯುತ್ತಿದ್ದಳು. “ಅಕ್ಕಾ, ಖರೇ ಕಂಪನಿ ಇದ್ರ ಮೊದಲ ಕೆಲಸದ ಮಾತು ಆಡ್ತದ, ರೊಕ್ಕದ್ದಲ್ಲ,” ಎಂದು ನನಗೂ ತಿಳಿಸಿ ಹೇಳಿದ್ದಳು. ನನಗೆ ಚೆನ್ನಾಗಿ ತಿಳಿದಿತ್ತು.

ಆ ವಹಿಯಲ್ಲಿ ಕಾಟು ಬೀಳದೆ ಉಳಿದದ್ದು ಒಂದೇ ಹೆಸರು. ಕುಕ್ಕರು, ಮಿಕ್ಸರುಗಳ ಜೊತೆ ಬರುವ ಸೂಚನೆಯ ಪುಸ್ತಿಕೆಗಳನ್ನು ಕನ್ನಡಕ್ಕೆ ತರುವ ಕೆಲಸ. ಮಾದರಿಗೆ ಒಂದು ಪುಟ ಕೇಳಿದ್ದರು, ಇವಳು ಕಳಿಸಿದ್ದಳು. ಮಂಗಳವಾರ ನಾಲ್ಕು ಗಂಟೆಗೆ ಫೋನ್ ಮಾಡುತ್ತೇವೆ ಎಂದಿದ್ದರು.

ಮಂಗಳವಾರ ಅವ್ವನನ್ನು ಕರೆದೊಯ್ದಿದ್ದ ತಂಗಿಗೆ ದವಾಖಾನೆಯಲ್ಲಿ ತಡವಾಯಿತು. ನಾಲ್ಕಕ್ಕೆ ಸರಿಯಾಗಿ ಫೋನ್ ಬಂತು, ನಾನು ಎತ್ತಿದೆ. ಒಬ್ಬ ಹೆಂಗಸು ಮರಾಠಿಯಲ್ಲಿ ಮೆಲ್ಲಗೆ ಮಾತಾಡಿದಳು. ತಂಗಿ ಕಳಿಸಿದ ಪುಟ ತುಂಬಾ ಚೆನ್ನಾಗಿದೆ, ದಿನಕ್ಕೆ ಎಷ್ಟು ಪುಟ ಆದೀತು ಎಂದು ಕೇಳಿದಳು. ರೊಕ್ಕದ ಮಾತು ತೆಗೆಯಲಿಲ್ಲ. ಖರೇ ಕಂಪನಿ ಎಂದು ನನಗೆ ಗೊತ್ತಾದದ್ದು ಆಗ. ಇನ್ನು ಇದೇ ಮನೆಯಲ್ಲಿ ಗೋಡೆಯ ಆಚೆ ಅವಳು ಕೂತು ಪುಟ ಲೆಕ್ಕ ಮಾಡುತ್ತಾಳೆ, ಈಚೆ ನಾನು ಹುಕ್ಕು ಹಚ್ಚುತ್ತೇನೆ, ಬಂದವರೆಲ್ಲ ನನ್ನನ್ನು ದಾಟಿ ಒಳಗೆ ನೋಡುತ್ತಾರೆ ಅನ್ನಿಸಿತು.

“ತಿಲಾ ದುಸರೀ ನೋಕರಿ ಲಾಗಲೀ,” ಎಂದೆ. ಅವಳಿಗೆ ಬೇರೆ ನೌಕರಿ ಸಿಕ್ಕಿತು ಎಂದು.

ಆ ಹೆಂಗಸು “ಬರಂ, ಅಭಿನಂದನ” ಎಂದು ಶುಭ ಕೋರಿ ಫೋನ್ ಇಟ್ಟಳು.

ತಂಗಿ ಏದುಸಿರು ಬಿಡುತ್ತ ಬಂದು ಕೇಳಿದಳು, “ಫೋನ್ ಬಂದಿತ್ತೇನ?”

“ಇಲ್ಲಲ್ಲ.”

ಹತ್ತು ದಿನ ಕಾದಳು. ಹನ್ನೊಂದನೆಯ ದಿನ ಆ ಹೆಸರಿಗೂ ಕಾಟು ಹೊಡೆದಳು. ಆಮೇಲೆ ಕಂಪ್ಯೂಟರಿನ ಮೇಲೆ ಹಳೆಯ ಲುಂಗಿ ಹೊದಿಸಿಟ್ಟಳು. ನನ್ನ ಉರಿ ತಣಿಯಬೇಕಿತ್ತು, ತಣಿಯಲಿಲ್ಲ. ಅವಳು ಬಾಯಿ ಬಿಟ್ಟು ಬೈದಿದ್ದರಾದರೂ ಹಗುರವಾಗುತ್ತಿತ್ತೇನೋ. ಬೈಯಲು ಅವಳಿಗೆ ಏನೂ ಗೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಕಾಕುವಿನ ಸೊಸೆ ಒಂದು ಚೀಟಿ ಹಿಡಿದು ಬಂದಳು. ಅದರಲ್ಲಿದ್ದದ್ದು ಅದೇ ಕಂಪನಿಯ ಹೆಸರು, ಅರ್ಜಿ ಹಾಕಲೇ ಎಂದು ಕೇಳಲು ಬಂದಿದ್ದಳು.

“ಬ್ಯಾಡ ವೈನಿ, ಅದು ಖೊಟ್ಟಿ ಅದ,” ಎಂದಳು ತಂಗಿ.

ಯಂತ್ರ ತುಳಿಯುತ್ತಿದ್ದ ನನ್ನ ಕಾಲು ನಿಂತಿತು. “ಖೊಟ್ಟಿ ಅಲ್ಲ. ಅವತ್ತ ಫೋನ್ ಬಂದಿತ್ತು,” ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಕಾಕುವಿನ ಸೊಸೆ ಚೀಟಿ ಮಡಚಿಕೊಂಡು ಹೊರಟುಹೋದಳು.

ತಂಗಿ ನನ್ನತ್ತ ತಿರುಗಿದಳು. “ನನ್ನ ಪುಟದ ಬಗ್ಗೆ ಏನಂದ್ರು?”

“ಛಲೋ ಅದ ಅಂದ್ರು.”

“ಮತ್ತ?”

“ದಿನಕ್ಕ ಎಷ್ಟು ಆಗ್ತಾವ ಅಂದ್ರು.”

“ಹತ್ತು ಆಗ್ತಿದ್ವು,” ಎಂದಳು, ಎದ್ದು ಅವ್ವನಿಗೆ ನೀರು ಕುಡಿಸಲು ಹೋದಳು.

ಅಲ್ಲಿಂದ ಮುಂದಿನ ಅರ್ಜಿಗಳಿಗೆಲ್ಲ ಅವಳು ಕೊಟ್ಟದ್ದು ಕಾಕುವಿನ ಮನೆಯ ನಂಬರು. ಕಾಕು ಗೋಡೆಯಾಚೆಯಿಂದ ಕರೆದಾಗ ನನ್ನ ಯಂತ್ರದ ಮುಂದಿನಿಂದಲೇ ಓಡಿಹೋಗುತ್ತಿದ್ದಳು. ದೀಪಾವಳಿಗೆ ಮೊದಲು ಒಂದು ಖರೇ ಕೆಲಸ ಸಿಕ್ಕಿತು. ನನಗದು ತಿಳಿದದ್ದು ಕಾಕು ಪೇಢೆಯ ಡಬ್ಬಿ ಹಿಡಿದು ಬಂದಾಗ.

“ತಗೊಳ್ಳವ್ವ, ನಿನ್ನ ತಂಗೀದ,” ಎಂದರು.

ಒಂದು ತೆಗೆದುಕೊಂಡೆ. ಸಂತೋಷವಾಗಬೇಕು ಎಂದು ಕಾದೆ. ಬಾಯಲ್ಲಿ ಪೇಢೆ ಕರಗುವವರೆಗೂ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು: ನನಗಿಂತ ಮೊದಲು ಕಾಕುವಿಗೆ ಹೇಳಿದಳಲ್ಲ.