ನಲ್ಲಿಗೆ ಎರಡು ಮಾರ್ಕ್ಸು

ಹರಿಹರದ ಸ್ಟೇಷನ್ನಿನಿಂದ ಶಾಲೆಯವರೆಗೆ ಯಾವ ಬೀದಿ ನಲ್ಲಿ ಸುಮ್ಮನೆ ಸುರಿಯುತ್ತಿದ್ದರೂ ಖೈರುನ್ನೀಸಾ ಟೀಚರ್ ಬಿಡುವವರಲ್ಲ. ಬುರ್ಖಾದ ತೋಳು ಮೇಲೇರಿಸಿ ಅದನ್ನು ಬಂದ್ ಮಾಡಿ, ‘ಎರಡು ಮಾರ್ಕ್ಸು’ ಎಂದು ಗಟ್ಟಿಯಾಗಿ ಹೇಳಿಯೇ ಮುಂದಿನ ಹೆಜ್ಜೆ. ಮದುವೆ ಊಟದ ನಡುವೆ ಎದ್ದು ಹೋಗಿ ಹಿತ್ತಲ ನಲ್ಲಿಗೂ ಮಾರ್ಕ್ಸು ಕೊಟ್ಟು ಬಂದವರು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಮಾತೆತ್ತಿದರಂತೂ ಮುಗಿಯಿತು. ‘ಏಳು ವರ್ಷ ಕಲ್ತಿದ್ದನ್ನ ಮೂರು ತಾಸಿನಾಗೆ ಅಳೀತಾರಂತ್ರಿ. ಅಳೆಯೋರು ಮಕ್ಕಳ ಮುಖ ನೋಡ್ಯಾರೇನ್ರಿ?’ ಎಂದು ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತಾರೆ. ಈ ಸಿಟ್ಟು ಎಂಬತ್ತೊಂದನೇ ಇಸವಿಯ ಗಣಿತದ ಪೇಪರಿನದು. ಅದರಲ್ಲೊಂದು ಲೆಕ್ಕ: ಒಂದು ನಲ್ಲಿ ತೊಟ್ಟಿ ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಎರಡನ್ನೂ ಒಟ್ಟಿಗೆ ತೆರೆದುಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ದಿನಾ ಮನೆಗೆ ಹತ್ತು ಕೊಡ ನೀರು ಹೊತ್ತು ಹಾಕಿ ಶಾಲೆಗೆ ಬರುತ್ತಿದ್ದ ದುರುಗಮ್ಮ ಪರೀಕ್ಷೆ ಮುಗಿಸಿ ನಗುತ್ತಾ ಓಡಿ ಬಂದಿದ್ದಳು: ‘ಖಾಲಿ ಮಾಡೋ ನಲ್ಲಿ ಮೊದ್ಲು ಬಂದ್ ಮಾಡ್ಬೇಕು ಅಂತ ಬರ್ದೀನ್ರಿ, ಟೀಚರ್.’ ಆ ಲೆಕ್ಕಕ್ಕೆ ಸೊನ್ನೆ ಬಿತ್ತು. ಎರಡೇ ಎರಡು ಮಾರ್ಕ್ಸಿಗೆ ಫೇಲಾದ ಹುಡುಗಿ ಎಂಟನೇ ಕ್ಲಾಸು ಕಾಣದೆ, ಶಾಲೆ ತೆರೆಯುವ ಮುಂಚೆಯೇ ಮದುವೆಯಾಗಿ ಭಾನುವಳ್ಳಿಗೆ ಹೋದಳು. ಅವತ್ತು ಆ ನಗುವ ಮುಖ ನೋಡಿಯೂ ‘ತಪ್ಪು ಬರ್ದೀಯಲ್ಲೇ’ ಎಂದಿದ್ದು ತಾವೇ ಎಂಬುದನ್ನು ಮಾತ್ರ ಟೀಚರ್ ಇವತ್ತಿಗೂ ಯಾರಿಗೂ ಹೇಳಿಲ್ಲ.