ನನ್ನ ಕನ್ನಡಕ್ಕೆ ಸಿಕ್ಕ ಮೊದಲ ಹೊಗಳಿಕೆ

ಹನಗೋಡಿನ ಹತ್ತಿರ ನಮ್ಮ ಹೊಲದ ಪಕ್ಕದ ಜಮೀನನ್ನು ವಯನಾಡಿನ ಗಂಡ ಹೆಂಡತಿ ಶುಂಠಿ ಬೆಳೆಯಲು ಗುತ್ತಿಗೆಗೆ ಹಿಡಿದಿದ್ದರು. ಆಕೆಯನ್ನು ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಎರಡು ವರ್ಷ ಬೇಲಿಯ ಆಚೆ ಈಚೆ ನಿಂತು ಹರಟಿದ್ದರಲ್ಲೇ ನನಗೆ ಮಲಯಾಳ ಬಂದುಬಿಟ್ಟಿತು. ಆ ಭಾಷೆಯಲ್ಲಿ ನಾನು ಬೇರೆಯೇ ಹುಡುಗಿ. ಮನೆಯಲ್ಲಿ ಅಪ್ಪನ ಮುಂದೆ ತಲೆ ತಗ್ಗಿಸಿ 'ಊಂ' ಎನ್ನುವವಳು, ಬೇಲಿಯ ಹತ್ತಿರ ಕೈ ಬೀಸಿಕೊಂಡು ಜಗಳವನ್ನೂ ಆಡುತ್ತಿದ್ದೆ.

ಒಂದು ದಿನ ಚೇಚಿಗೆ ಸೀರೆ ಕೊಳ್ಳಲು ಇಬ್ಬರೂ ಹುಣಸೂರಿಗೆ ಹೋದೆವು. ಅಂಗಡಿಯಲ್ಲಿ ಸೆರಗು, ಅಂಚು ಎಂದು ನಮ್ಮ ವಾದವೆಲ್ಲ ಮಲಯಾಳದಲ್ಲೇ ನಡೆದಿತ್ತು. ನಡುವೆ ನಾನು ಅಂಗಡಿಯವರ ಕಡೆ ತಿರುಗಿ, "ಅಣ್ಣ, ಅಂಗೇ ಆ ಅಸ್ರು ಸೀರೆನೂ ಬಿಚ್ಚಿ ತೋರ್ಸಿ" ಎಂದೆ.

ಅವರು ಸೀರೆಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಕೇರಳದೋರಾಗಿ ಕನ್ನಡ ಇಷ್ಟ್ ಚೆನ್ನಾಗ್ ಮಾತಾಡ್ತೀರಲ್ಲ. ನಮ್ಮೋರ್ ತರಾನೇ 'ಅಸ್ರು' ಅಂತೀರಿ ಕಣ್ರೀ."

ಇದೇ ನುಂಗಿದ ಹಕಾರಕ್ಕೆ ಶಾಲೆಯಲ್ಲಿ ಮೇಷ್ಟ್ರಿಂದ ಬೈಸಿಕೊಂಡವಳು ನಾನು. ನನ್ನ ಕನ್ನಡವನ್ನು ಹುಟ್ಟಿದಾಗಿನಿಂದ ಯಾರೂ ಹೊಗಳಿರಲಿಲ್ಲ. ನಿಜ ಹೇಳಲೆಂದೇ ಬಾಯಿ ತೆರೆದೆ. ಬಂದದ್ದು ಮಾತ್ರ, "ಏನೋ, ಕಲ್ತ್ಕತಾ ಇವ್ನಿ ಅಣ್ಣ."

ಅವರು ಪಕ್ಕದ ಪಾತ್ರೆ ಅಂಗಡಿಯವರನ್ನೂ ಕೂಗಿ ಕರೆದರು. ಇಬ್ಬರೂ ಸೇರಿ ನನಗೆ ಪರೀಕ್ಷೆ ಇಟ್ಟರು.

"ಮುದ್ದೆಗೆ ಏನ್ ಚೆಂದ, ಯೋಳಿ ನೋಡಾನ."

"ಉಪ್ಪೆಸ್ರು," ಎಂದೆ. ಇಬ್ಬರೂ ತಲೆದೂಗಿದರು.

ಅವರು ಏನು ಹೇಳುತ್ತಿದ್ದಾರೆಂದು ಚೇಚಿ ಕೇಳಿದಳು. ಹೇಳಿದೆ. ಅವಳು ಸೀರೆಗಳ ರಾಶಿಯಲ್ಲಿ ಮುಖ ಹುದುಗಿಸಿಬಿಟ್ಟಳು. ನಗುವಿಗೆ ಅವಳ ಭುಜ ಕುಲುಕುವುದು ಕಂಡು ನಾನು ಇನ್ನೊಂದು ಸೀರೆ ಎಳೆದುಕೊಂಡು ಅಂಚು ನೋಡತೊಡಗಿದೆ.

ಅಷ್ಟರಲ್ಲೇ ನನ್ನ ಸೋದರತ್ತೆ ಒಳಗೆ ಬರಬೇಕೆ? ಕೆ.ಆರ್. ನಗರದಿಂದ ನಮ್ಮ ಮನೆಗೆ ಹೊರಟಿದ್ದವರು ರವಿಕೆ ಬಟ್ಟೆಗೆಂದು ಅದೇ ಅಂಗಡಿಯ ಮೆಟ್ಟಿಲು ಹತ್ತಿದ್ದರು. "ಏನವ್ವ, ನೀನಿಲ್ಲಿ?" ಎಂದರು.

"ಈಯಮ್ಮ ನಿಮ್ಗೆ ಗೊತ್ತಾ?" ಅಂಗಡಿಯವರು ಕೇಳಿದರು. "ಕೇರಳದೋರು. ಕನ್ನಡ ಕೇಳಿ, ಅರಳು ಉರ್ದಂಗೆ."

ಅತ್ತೆ ನನ್ನನ್ನು ನೋಡಿದರು, ಚೇಚಿಯನ್ನು ನೋಡಿದರು, ನಿಧಾನಕ್ಕೆ ಜಮಖಾನದ ಮೇಲೆ ಕುಳಿತರು. "ಗೊತ್ತಿಲ್ದೆ ಏನಪ್ಪ. ಇವ್ಳಿಗೆ ಕನ್ನಡ ಕಲ್ಸಿದ್ದೇ ನಾನು ಕಣಪ್ಪ."

ಸುಳ್ಳೇನಲ್ಲ. ನನಗೆ ಮಾತು ಬರುವಾಗ ಎತ್ತಿ ಆಡಿಸಿದವರೇ ಅವರು.

ಬೀದಿಗೆ ಬಂದು ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ನಗುವಿನ ನಡುವೆಯೇ ಒಂದು ಮಾತು ಚುಚ್ಚಿತು: ಹನಗೋಡಿನ ಹುಡುಗಿಯಾಗಿಯೇ ಹೋಗಿದ್ದರೆ ಅಂಗಡಿಯವರು ತಲೆಯನ್ನೂ ಎತ್ತುತ್ತಿರಲಿಲ್ಲ. ಆದರೂ ನಮ್ಮ ಸೀಮೆಯಲ್ಲೇ ಒಂದು ಗಳಿಗೆ ಪರವೂರಿನವಳಾಗಿದ್ದು ಅಮಲಿನಂತೆ ತಲೆಗೇರಿತ್ತು.

"ನಂಗೂ ಒಂದ್ ಮಾತ್ ಕಲ್ಸವ್ವ. ನನ್ನೂ ಯಾರಾದ್ರೂ ಒಗಳ್ಲಿ," ಎಂದರು ಅತ್ತೆ.

ನಾನು ಅದನ್ನು ಮಲಯಾಳದಲ್ಲಿ ದಾಟಿಸಿದೆ, ಚೇಚಿ 'ಸುಖಮಾಣೋ' ಕಲಿಸಿದಳು. ಚೆನ್ನಾಗಿದ್ದೀರಾ ಎಂದು ಅರ್ಥ. ಬಸ್ಸಿನಲ್ಲಿ ಅತ್ತೆ ಅದನ್ನು ಕಂಡಕ್ಟರ್ ಮೇಲೆಯೇ ಪ್ರಯೋಗಿಸಿದರು. ಆತನಿಗೆ ಮಲಯಾಳ ಬರುತ್ತಿತ್ತು. ಖುಷಿಯಿಂದ ಮನೆ ಮಕ್ಕಳ ಸಮಾಚಾರವನ್ನೆಲ್ಲ ಸುರಿದ. ಅತ್ತೆ ಕೊನೆಯವರೆಗೂ ಗಂಭೀರವಾಗಿ ಕೇಳಿಸಿಕೊಂಡು, "ಅಂಗೇ ಆಗ್ಲಿ ಬುಡಪ್ಪ. ಮೂರು ಅನಗೋಡು ಕೊಡು," ಎಂದರು.