ಕೊಸರು ಬೇಡವೆಂದ ಊರು

ನಾಸಿಕ್‌ನಲ್ಲಿ ದಿನಸಿ ಅಂಗಡಿ ತೆರೆದ ಮೂರನೆಯ ದಿನವೇ ನನ್ನ ಮರ್ಯಾದೆ ಬೀದಿಗೆ ಬಂತು. ಎದುರು ಮನೆಯ ಸುಲಭಾಬಾಯಿ ಒಂದು ಕಿಲೋ ತೊಗರಿಬೇಳೆ ಕೇಳಿದ್ದರು. ತೂಗಿ, ಚೀಲಕ್ಕೆ ಸುರಿದು, ಅಭ್ಯಾಸಬಲದಿಂದ ಮೇಲೊಂದು ಹಿಡಿ ಹಾಕಿದೆ. ಆಕೆ ಚೀಲವನ್ನು ಮತ್ತೆ ತಕ್ಕಡಿಯ ಮೇಲಿಟ್ಟು ಅಂಕಿ ನೋಡಿದರು. "ವಹಿನಿ, ಕಾಟಾ ಖರಾಬ್ ಆಹೇ!" ಎಂದು ನಾಲ್ಕು ಮನೆಗೆ ಕೇಳುವಂತೆ ಕೂಗಿದರು. ವಹಿನಿ ಎಂದರೆ ಅತ್ತಿಗೆ, ಕಾಟಾ ಎಂದರೆ ತಕ್ಕಡಿ. ಬಾಯ್ತುಂಬ ಅತ್ತಿಗೆ ಎಂದು ಕರೆದೇ ನಿನ್ನ ತಕ್ಕಡಿ ಕೆಟ್ಟಿದೆ ಅಂದುಬಿಟ್ಟರು.

ಹೊಳೆನರಸೀಪುರದ ನಮ್ಮ ಅಂಗಡಿಯಲ್ಲಿ ಕೊಸರು ಹಾಕದಿದ್ದರೆ ಜಗಳವಾಗುತ್ತಿತ್ತು. ತಾತ ಒಂದು ಮೂಟೆ ಅಕ್ಕಿ, ಒಂದು ಡಬ್ಬ ಕಡಲೆಕಾಯಿ ಎಣ್ಣೆ ಇಟ್ಟುಕೊಂಡು ಶುರುಮಾಡಿದ ಅಂಗಡಿ ಅದು. ಅಪ್ಪ ಅದಕ್ಕೆ ಹಲಗೆ ಬಾಗಿಲು ಹಾಕಿಸಿದರು, ತಮ್ಮ ರವಿ ಷಟರ್ ಹಾಕಿಸಿದ. ತೂಕ ಮುಗಿದ ಮೇಲೂ ಗಿರಾಕಿ ಚೀಲದ ಬಾಯಿ ಅಗಲಿಸಿ ನಿಲ್ಲುತ್ತಿದ್ದರು. ನಾವು ಇನ್ನೊಂದು ಹಿಡಿ ಹಾಕುತ್ತಿದ್ದೆವು. "ತೂಕ ಸರ್ಕಾರದ್ದು, ಕೊಸರು ನಮ್ದು ಕಣ್ ಮಗಾ" ಅನ್ನುತ್ತಿದ್ದರು ತಾತ. ಬೇಳೆಯ ಮೂಟೆಯ ಪಕ್ಕದಲ್ಲೇ ಕೂತು ಬೆಳೆದ ನನ್ನ ಕೈಗೂ ಅದೇ ಚಾಳಿ ಹತ್ತಿತ್ತು.

ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದವಳು ನಾನು. ಅಡುಗೆಮನೆಯಲ್ಲಿ ತಿರುಗಲೂ ಜಾಗವಿಲ್ಲದ ಮನೆಗೆ ಹೊಂದಿಕೊಂಡೆ, ಮರಾಠಿಯನ್ನು ಅಷ್ಟಿಷ್ಟು ಕಲಿತೆ. ರಾಗಿಗೆ ನಾಚಣಿ ಎನ್ನುತ್ತಾರೆ, ನನ್ನ ಮುದ್ದೆ ಕಂಡರೆ ಮುಖ ಕಿವುಚುತ್ತಾರೆ, ಅದನ್ನೂ ನುಂಗಿಕೊಂಡೆ. ಕೊಸರನ್ನು ಮಾತ್ರ ಯಾರಿಗೂ ಒಪ್ಪಿಸಲಾಗಲಿಲ್ಲ. ಬೇಳೆಗೆ ಹುಳು ಬಿದ್ದಿದೆಯೇ ಎಂದರೊಬ್ಬರು. ಬಿಟ್ಟಿ ಕೊಡುವವಳು ಬೆಲೆಯಲ್ಲಿ ಹೊಡೆಯುತ್ತಾಳೆ ಎಂದರು ಇನ್ನೊಬ್ಬರು. ಕೊಟ್ಟರೂ ತಪ್ಪೇ? ಎರಡು ವಾರ ನೊಣ ಹೊಡೆಯುತ್ತಾ ಕುಳಿತೆ. ಹೀಗೇ ಆದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಗಂಡನೂ ಗೊಣಗಿದರು.

ಕೊನೆಗೆ ಸುಲಭಾಬಾಯಿಯ ಕಣ್ಣೆದುರೇ ಒಂದು ಕಾಳೂ ಹೆಚ್ಚಾಗದಂತೆ ತೂಗಿ ಕೊಟ್ಟೆ. "ಆತಾ ಬರೋಬರ್" ಅಂದರು, ಈಗ ಸರಿಯಾಯಿತು ಎಂದು. ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು, ಅಂಗಡಿ ಉಳಿಯಿತು. ನನಗೆ ಖುಷಿಯಾಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ತಾತನ ಕೈಯನ್ನು ನಾನೇ ಕಟ್ಟಿಹಾಕಿದೆನಲ್ಲ ಅನ್ನಿಸಿತು.

ಹೋದ ತಿಂಗಳು ಊರಿಗೆ ಹೋದಾಗ ಆಸೆಯಿಂದ ಅಂಗಡಿಯಲ್ಲಿ ಕುಳಿತೆ. ಹಳೆಯ ಗಿರಾಕಿ, ಹಳ್ಳಿಯ ಪುಟ್ಟಮ್ಮ ಬಂದರು. ರವಿ ಬೇಳೆಯ ಪ್ಯಾಕೆಟ್ ಕೊಟ್ಟ. ಅದನ್ನು ಚೀಲಕ್ಕೆ ಹಾಕಿಕೊಂಡ ಆಕೆ ಚೀಲದ ಬಾಯಿ ಹಿಡಿದು ಹಾಗೇ ನಿಂತರು.

"ಅವ್ವಂಗೆ ಕೊಸರು ಆಕೋ" ಎಂದೆ.

"ಪ್ಯಾಕೆಟ್‌ಗೆ ಎಂಥಾ ಕೊಸರಕ್ಕ? ಎಲ್ಲಿಂದ ತಂದಾಕ್ಲಿ?" ಎಂದು ರವಿ ನಕ್ಕ.

"ನಿಮ್ ತಾತ ಇದ್ದಿದ್ರೆ ಆಕೋರು ಕಣವ್ವ" ಎಂದು ಪುಟ್ಟಮ್ಮ ನನ್ನ ಮುಖ ನೋಡಿದರು.

ನಾನೇ ಎದ್ದೆ. ಒಂದು ಹಿಡಿ ಬೇಳೆಗಾಗಿ ಮೂಲೆ ಮೂಲೆ ಹುಡುಕಿದೆ. ಅಂಗಡಿಯಲ್ಲಿ ಬಾಯಿ ಬಿಚ್ಚಿದ ಒಂದು ಮೂಟೆಯೂ ಇರಲಿಲ್ಲ. ಪುಟ್ಟಮ್ಮ ಚೀಲದ ಬಾಯಿ ಮಡಚಿಕೊಂಡು ಬಸ್ಸಿಗೆ ಹೊರಟರು.

ಈಗ ಮತ್ತೆ ನಾಸಿಕ್‌ನಲ್ಲಿದ್ದೇನೆ. ಇಲ್ಲಿ ನನ್ನ ಮೂಟೆಗಳೆಲ್ಲ ಬಾಯಿ ಬಿಚ್ಚಿಯೇ ಇವೆ. ಪುಟ್ಟಮ್ಮನಂತೆ ಚೀಲ ಹಿಡಿದು ನಿಲ್ಲುವವರು ಯಾರೂ ಇಲ್ಲ.